ಮೀನಿನ ಬೆಳವಣಿಗೆ ಶೇ. 5, ಬ್ಯಾಂಕಿನ ಬಡ್ಡಿ ಶೇ. 7: ಎಲ್ಲವನ್ನೂ ಹಿಡಿದು ಮಾರಿಬಿಡಬಹುದೇ?

ಪ್ರಶ್ನೆ: ಒಂದು ಜಾತಿಯ ಮೀನು ವರ್ಷಕ್ಕೆ ಶೇ. 5ರಷ್ಟು ಹೆಚ್ಚುತ್ತದೆ, ಹೂಡಿಕೆಗೆ ಶೇ. 7 ಬಡ್ಡಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಇರುವ ಮೀನನ್ನೆಲ್ಲ ಹಿಡಿದು ಮಾರಿ, ಬಂದ ಹಣವನ್ನು ಬಡ್ಡಿಗೆ ಹಾಕುವುದೇ ಜಾಣತನ ಎಂದು ಅರ್ಥಶಾಸ್ತ್ರ ಓದಿದ ಗೆಳೆಯರೊಬ್ಬರು ವಾದಿಸುತ್ತಾರೆ. ತಪ್ಪು ಇರುವುದು ಅವರ ಲೆಕ್ಕದಲ್ಲೋ, ನೀತಿಯಲ್ಲೋ? ವರ್ಷಕ್ಕೆ ಎಷ್ಟು ಹಿಡಿಯಬೇಕೆಂದು ನಿಜವಾಗಿ ನಿರ್ಧರಿಸುವುದು ಹೇಗೆ? ಬೆಳೆಯುವುದೇ ಇಲ್ಲದ ಗಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಉತ್ತರ: ನಿಮ್ಮ ಗೆಳೆಯರ ವಾದ ಹೊಸದಲ್ಲ, ತಳ್ಳಿಹಾಕುವಂಥದ್ದೂ ಅಲ್ಲ. 1973ರಲ್ಲಿ ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ ತಿಮಿಂಗಿಲ ಬೇಟೆಯನ್ನು ಮುಂದಿಟ್ಟುಕೊಂಡು ಇದನ್ನೇ ಗಣಿತವಾಗಿ ತೋರಿಸಿದರು. ನಿಧಾನವಾಗಿ ಬೆಳೆಯುವ ಜೀವಿಗೆ ಒಬ್ಬನೇ ಮಾಲೀಕನಿದ್ದು, ಅವನು ಲಾಭವೊಂದನ್ನೇ ನೋಡುವವನಾಗಿದ್ದರೂ, ಕೆಲವು ಷರತ್ತುಗಳಲ್ಲಿ ಆ ಜೀವಿಯನ್ನು ನಿರ್ನಾಮ ಮಾಡುವುದೇ ಅವನಿಗೆ ಹೆಚ್ಚು ಲಾಭ ತರುತ್ತದೆ. ಕ್ಲಾರ್ಕ್ ಇದನ್ನು ಸಲಹೆಯಾಗಿ ಹೇಳಲಿಲ್ಲ, ಎಚ್ಚರಿಕೆಯಾಗಿ ಹೇಳಿದರು. ‘ಮಾಲೀಕತ್ವವೊಂದಿದ್ದರೆ ಸಾಕು, ಸ್ವಾರ್ಥವೇ ಪ್ರಕೃತಿಯನ್ನು ಕಾಪಾಡುತ್ತದೆ’ ಎಂಬ ನಂಬಿಕೆಗೆ ಅವರ ಲೆಕ್ಕ ದೊಡ್ಡ ಪೆಟ್ಟು ಕೊಟ್ಟಿತು.

ಆದರೆ ‘ಕೆಲವು ಷರತ್ತು’ ಎಂದೆನಲ್ಲ, ವಿಷಯವೆಲ್ಲ ಅಲ್ಲೇ ಇದೆ. ಗೆಳೆಯರ ವಾದ ನಿಲ್ಲಬೇಕಾದರೆ ಕೊನೆಯ ಮೀನನ್ನು ಹಿಡಿಯುವುದೂ ಮೊದಲ ಮೀನನ್ನು ಹಿಡಿಯುವಷ್ಟೇ ಅಗ್ಗವಾಗಿರಬೇಕು, ಮೀನು ಹೋದ ಮೇಲೆ ಹಣ ಅದರ ಜಾಗವನ್ನು ಪೂರ್ತಿಯಾಗಿ ತುಂಬಬೇಕು, ಮತ್ತು ಶೇ. 7 ಎಂಬುದು ಇನ್ನೂ ಹುಟ್ಟದವರಿಗೂ ಒಪ್ಪಿಗೆಯಾಗುವ ದರವಾಗಿರಬೇಕು. ಮೊದಲನೆಯದು ಶುದ್ಧ ಲೆಕ್ಕದ ವಿಷಯ. ಉಳಿದೆರಡು ಲೆಕ್ಕದ ವೇಷ ಹಾಕಿಕೊಂಡ ನೀತಿಯ ವಿಷಯಗಳು. ಅರ್ಥಶಾಸ್ತ್ರ ಒಂದು ಕಡೆ, ನೀತಿ ಇನ್ನೊಂದು ಕಡೆ ಎಂದು ಪಾಲು ಮಾಡಿ ಕೂರಿಸಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ನೀತಿ ಅಂಕಿಗಳ ಒಳಗೇ ಕೂತಿರುತ್ತದೆ. ಯಾವ ಅಂಕಿಯಲ್ಲಿ ಎಂದು ತೋರಿಸುತ್ತಾ ಹೋಗುತ್ತೇನೆ.

ಮೊದಲು ಒಂದು ಮಾದರಿ

ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ ಮತ್ತು ಜೀವಶಾಸ್ತ್ರಜ್ಞ ಮಿಲ್ನರ್ ಶೇಫರ್ ಇಬ್ಬರೂ 1954ರಲ್ಲಿ ಬೇರೆಬೇರೆಯಾಗಿ ಬರೆದ ಲೇಖನಗಳಿಂದ ಬಂದ ಮಾದರಿ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ಒಂದು ಕೊಲ್ಲಿಯನ್ನು ಕಲ್ಪಿಸಿಕೊಳ್ಳಿ. ಯಾರೂ ಹಿಡಿಯದಿದ್ದರೆ ಅಲ್ಲಿ 10,000 ಟನ್ ಮೀನು ಇರುತ್ತದೆ. ದಾಸ್ತಾನು, ಅಂದರೆ ನೀರಿನಲ್ಲಿರುವ ಒಟ್ಟು ಮೀನು, ತೀರ ಕಡಿಮೆ ಇದ್ದಾಗ ವರ್ಷಕ್ಕೆ ಶೇ. 40ರ ವೇಗದಲ್ಲಿ ಬೆಳೆಯುತ್ತದೆ. ತುಂಬುತ್ತಾ ಬಂದಂತೆ ಆಹಾರ ಮತ್ತು ಜಾಗ ಸಾಲದೆ ವೇಗ ತಗ್ಗಿ, 10,000 ಮುಟ್ಟಿದಾಗ ಬೆಳವಣಿಗೆ ಸೊನ್ನೆಯಾಗುತ್ತದೆ. ಒಂದು ದೋಣಿ ವರ್ಷಕ್ಕೆ ಒಟ್ಟು ದಾಸ್ತಾನಿನ ಸಾವಿರದ ಒಂದು ಪಾಲು ಹಿಡಿಯುತ್ತದೆ. ಟನ್ನಿಗೆ 100 ನಾಣ್ಯ ಬೆಲೆ, ದೋಣಿಯೊಂದಕ್ಕೆ ಕೂಲಿ, ಇಂಧನ, ಬಲೆ ಎಲ್ಲ ಸೇರಿ ವರ್ಷಕ್ಕೆ 200 ನಾಣ್ಯ ಖರ್ಚು.

ವರ್ಷದ ಬೆಳವಣಿಗೆ ಅತಿ ಹೆಚ್ಚಾಗುವುದು ದಾಸ್ತಾನು ಅರ್ಧಕ್ಕೆ, ಅಂದರೆ 5,000 ಟನ್ನಿಗೆ ಇಳಿದಾಗ. ಆಗ ಪ್ರತಿ ವರ್ಷ 1,000 ಟನ್ ತೆಗೆದರೂ ಮೀನು ಕಡಿಮೆಯಾಗುವುದಿಲ್ಲ. ‘ಗರಿಷ್ಠ ಸುಸ್ಥಿರ ಇಳುವರಿ’ ಎನ್ನುವುದು ಇದನ್ನೇ. 200 ದೋಣಿ ಬೇಕು, ಆದಾಯ 1,00,000, ಖರ್ಚು 40,000, ಮಿಗುವುದು 60,000.

ಈಗ ಕೊಲ್ಲಿಗೆ ಬೇಲಿಯೇ ಇಲ್ಲ, ಯಾರು ಬೇಕಾದರೂ ಬಂದು ಹಿಡಿಯಬಹುದು ಎನ್ನಿ. ಒಂದು ದೋಣಿಗೆ ಖರ್ಚು ಕಳೆದು ಬಿಡಿಗಾಸಾದರೂ ಮಿಗುತ್ತಿರುವವರೆಗೂ ಹೊಸ ದೋಣಿ ಇಳಿಯುತ್ತಲೇ ಇರುತ್ತದೆ. ದೋಣಿಗೆ 2 ಟನ್ ಮಾತ್ರ ಸಿಗುವ ಹಂತದಲ್ಲಿ, ಅಂದರೆ ದಾಸ್ತಾನು 2,000 ಟನ್ನಿಗೆ ಕುಸಿದಾಗ, ಇದು ನಿಲ್ಲುತ್ತದೆ. ಆಗ 320 ದೋಣಿಗಳು ಸೇರಿ ಹಿಡಿಯುವುದು 640 ಟನ್. ಆದಾಯ 64,000, ಖರ್ಚೂ 64,000. ಕೊಲ್ಲಿ ಇಡೀ ವರ್ಷ ದುಡಿದು ಒಂದು ನಾಣ್ಯವನ್ನೂ ಮಿಗಿಸಲಿಲ್ಲ.

ಮಿಗತೆ ಅತಿ ಹೆಚ್ಚಾಗುವ ಬಿಂದು ಇವೆರಡೂ ಅಲ್ಲ. ಅದು ದಾಸ್ತಾನು 6,000 ಟನ್ ಇರುವಾಗ. 160 ದೋಣಿ, 960 ಟನ್ ಇಳುವರಿ, ಮಿಗತೆ 64,000. ಬೇಲಿಯಿಲ್ಲದ ಸ್ಥಿತಿಗೆ ಹೋಲಿಸಿದರೆ ಅರ್ಧದಷ್ಟೇ ದೋಣಿಗಳು ಒಂದೂವರೆ ಪಟ್ಟು ಮೀನು ಹಿಡಿಯುತ್ತವೆ. ಗರಿಷ್ಠ ಇಳುವರಿಗಿಂತ 40 ಟನ್ ಕಡಿಮೆ ಹಿಡಿದರೂ ಲಾಭ ಹೆಚ್ಚು, ಏಕೆಂದರೆ ನೀರಿನಲ್ಲಿ ಮೀನು ದಟ್ಟವಾಗಿದ್ದರೆ ಹಿಡಿಯುವ ಖರ್ಚು ಇಳಿಯುತ್ತದೆ. ನೀರಿನಲ್ಲಿ ಬಿಟ್ಟ ಮೀನೂ ದುಡಿಯುತ್ತಿರುತ್ತದೆ ಎಂಬ ಈ ಅಂಶವನ್ನೇ ನಿಮ್ಮ ಗೆಳೆಯರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬಡ್ಡಿಯನ್ನು ಒಳಗೆ ತಂದರೆ

ಇದೇ ಕೊಲ್ಲಿಗೆ ಶೇ. 7ರ ಬಡ್ಡಿ ಸೇರಿಸಿ ಕ್ಲಾರ್ಕ್ ಅವರ ಸೂತ್ರದಲ್ಲಿ ಹಾಕಿದರೆ ಒಬ್ಬ ಮಾಲೀಕನಿಗೆ ಅತ್ಯುತ್ತಮ ದಾಸ್ತಾನು ಸುಮಾರು 5,450 ಟನ್. ಅಂದರೆ ಗರಿಷ್ಠ ಇಳುವರಿಯ ಬಿಂದುವಿಗಿಂತ ಇನ್ನೂ ಮೇಲೆ. ಬಡ್ಡಿ ಶೇ. 20ಕ್ಕೆ ಏರಿದರೆ ಸುಮಾರು 4,590. ಬಡ್ಡಿಯನ್ನು ಏರಿಸುತ್ತಲೇ ಹೋದರೆ ಉತ್ತರ 2,000ದ ಕಡೆಗೆ ಜಾರುತ್ತದೆ, ಅಂದರೆ ಬೇಲಿಯಿಲ್ಲದ ಸ್ಥಿತಿಗೆ. ಎಲ್ಲರಿಗೂ ಮುಕ್ತವಾದ ಸಂಪನ್ಮೂಲದಲ್ಲಿ ದುಡಿಯುವವನು ಅನಂತ ಬಡ್ಡಿ ದರ ಹಾಕಿಕೊಂಡವನಂತೆ ನಡೆದುಕೊಳ್ಳುತ್ತಾನೆ. ಅವನು ದುರಾಸೆಯವನೆಂದಲ್ಲ, ಇಂದು ಬಿಟ್ಟ ಮೀನು ನಾಳೆ ಪಕ್ಕದವನ ಬಲೆಗೆ ಬೀಳುತ್ತದೆ ಎಂದು ಗೊತ್ತಿರುವುದರಿಂದ. ಮೀನುಗಾರರಿಗೆ ಸಂರಕ್ಷಣೆಯ ಉಪನ್ಯಾಸ ಮಾಡುವವರು ಈ ಒಂದು ಸಾಲನ್ನು ಮೊದಲು ಅರಗಿಸಿಕೊಳ್ಳಬೇಕು.

ನಿಮ್ಮ ಶೇ. 5ರ ಜೀವಿಗೆ ಬರೋಣ. ಹಿಡಿಯುವ ಖರ್ಚೇ ಇಲ್ಲದಿದ್ದರೆ ಗೆಳೆಯರ ಮಾತು ಅಕ್ಷರಶಃ ಸರಿ: ಉತ್ತರ ಸೊನ್ನೆ. ದಾಸ್ತಾನು ತುಂಬು ಮಟ್ಟದ ಶೇ. 20ಕ್ಕೆ ಇಳಿದಾಗ ಬೇಟೆ ಗಿಟ್ಟದಂತಾಗುತ್ತದೆ ಎಂದರೆ ಉತ್ತರ ಶೇ. 33ರ ಹತ್ತಿರ ನಿಲ್ಲುತ್ತದೆ. ಆದರೆ ಧ್ವನಿಯಿಂದ ನೀರೊಳಗೆ ಪತ್ತೆಹಚ್ಚುವ ಸೋನಾರ್, ವೇಗದ ಹಡಗು, ಏರಿದ ಬೆಲೆ ಇವೆಲ್ಲ ಸೇರಿ ಶೇ. 2ರವರೆಗೂ ಗಿಟ್ಟುವಂತೆ ಮಾಡಿದರೆ ಅದು ಶೇ. 6ಕ್ಕೆ ಕುಸಿಯುತ್ತದೆ. ನಿಧಾನವಾಗಿ ಬೆಳೆಯುವ ಜೀವಿಗಳನ್ನು ಇಷ್ಟು ಕಾಲ ಕಾಪಾಡಿದ್ದು ಹಿಡಿಯುವ ಕಷ್ಟ. ತಂತ್ರಜ್ಞಾನ ಆ ಕಷ್ಟವನ್ನು ತೆಗೆದಷ್ಟೂ ಲೆಕ್ಕ ವಿನಾಶದತ್ತ ವಾಲುತ್ತದೆ. ಸಂಖ್ಯೆ ಕಡಿಮೆಯಾದಂತೆ ಬೆಲೆ ಏರುವ ಘೇಂಡಾಮೃಗದ ಕೊಂಬು, ದೊಡ್ಡ ಟ್ಯೂನಾದಂಥವುಗಳಿಗೆ ಈ ರಕ್ಷಣೆಯೂ ಇಲ್ಲ.

ತಿಮಿಂಗಿಲಗಳ ವಿಷಯದಲ್ಲಿ ಆಡಳಿತವೇ ಈ ವಾಲುವಿಕೆಗೆ ಕೈಜೋಡಿಸಿತು. 1946ರ ಒಪ್ಪಂದದಡಿ ಬಂದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಮೊದಮೊದಲು ಅಂಟಾರ್ಕ್ಟಿಕ್ ಕೋಟಾವನ್ನು ‘ನೀಲಿ ತಿಮಿಂಗಿಲ ಮಾನ’ದಲ್ಲಿ ಅಳೆಯಿತು. ಒಂದು ನೀಲಿ ತಿಮಿಂಗಿಲ ಎಂದರೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ ಆರು ಸೇ ತಿಮಿಂಗಿಲಗಳಿಗೆ ಸಮ. ಇದು ತಿಮಿಂಗಿಲದ ಎಣ್ಣೆಯ ಲೆಕ್ಕಕ್ಕೆ ಅನುಕೂಲ, ಜಾತಿಗಳ ಉಳಿವಿಗೆ ಮಾರಕ. ಅಪರೂಪವಾಗುತ್ತಿದ್ದ ಜಾತಿಗೆ ಆ ಮಾನದೊಳಗೆ ಬೇರೆ ಮಿತಿ ಇರಲಿಲ್ಲ. ದೊಡ್ಡದು ಕಂಡರೆ ಮೊದಲು ಅದನ್ನೇ ಹೊಡೆಯುವುದು ಲಾಭ. ವಾಣಿಜ್ಯ ಬೇಟೆ ನಿಲ್ಲಿಸುವ ತೀರ್ಮಾನ 1982ರಲ್ಲಿ ಬಂತು.

ಸಬ್ಸಿಡಿ ಎಂಬ ಎಣ್ಣೆ

ಇಲ್ಲೊಂದು ಅಡ್ಡಮಾತು ಹೇಳಲೇಬೇಕು. ಮೀನು ಸಿಗುತ್ತಿಲ್ಲ ಎಂದಾಗ ಸರ್ಕಾರಗಳು ಮೊದಲು ಮಾಡುವ ಕೆಲಸ ಡೀಸೆಲ್‌ಗೆ, ದೋಣಿಗೆ ಸಬ್ಸಿಡಿ ಕೊಡುವುದು. ನಮ್ಮ ಕೊಲ್ಲಿಯಲ್ಲಿ ಬೇಲಿಯಿಲ್ಲದ ಸ್ಥಿತಿಯಲ್ಲಿ ಖರ್ಚಿನ ಕಾಲು ಭಾಗವನ್ನು, ಅಂದರೆ ದೋಣಿಗೆ 50 ನಾಣ್ಯವನ್ನು, ಸರ್ಕಾರ ಭರಿಸಿದರೆ ಏನಾಗುತ್ತದೆ ನೋಡಿ: ದಾಸ್ತಾನು 2,000ದಿಂದ 1,500ಕ್ಕೆ ಇಳಿಯುತ್ತದೆ, ದೋಣಿಗಳು 320ರಿಂದ 340ಕ್ಕೆ ಏರುತ್ತವೆ, ಇಳುವರಿ 640ರಿಂದ 510 ಟನ್ನಿಗೆ ಕುಸಿಯುತ್ತದೆ. ಖಜಾನೆಯಿಂದ ವರ್ಷಕ್ಕೆ 17,000 ಹೋಗುತ್ತದೆ. ಮೀನುಗಾರನ ಕೈಯಲ್ಲಿ ಮಿಗುವುದು ಮತ್ತೆ ಸೊನ್ನೆ. ಕೊಟ್ಟ ಹಣದಲ್ಲಿ ಕೊಂಡದ್ದು ಕಡಿಮೆ ಮೀನು. ಬಡವರಿಗೆ ನೆರವಾಗಬೇಕು ಎಂಬ ನೀತಿ ಸರಿಯೇ, ದಾರಿ ತಪ್ಪು. ಅದೇ ಹಣವನ್ನು ದೋಣಿಯ ಓಡಾಟಕ್ಕೆ ಗಂಟುಹಾಕದೆ ನೇರವಾಗಿ ಮನೆಗೆ ಕೊಟ್ಟರೆ ಮೀನು ಕಡಿಮೆಯಾಗುವುದಿಲ್ಲ. ವಿಶ್ವ ವಾಣಿಜ್ಯ ಸಂಘಟನೆಯ ಸದಸ್ಯ ದೇಶಗಳು ಹಾನಿಕಾರಕ ಮೀನುಗಾರಿಕೆ ಸಬ್ಸಿಡಿಗಳ ಬಗ್ಗೆ ಒಂದು ಒಪ್ಪಂದಕ್ಕೆ ಬಂದದ್ದು 2022ರಲ್ಲಿ, ಎರಡು ದಶಕಗಳ ಚೌಕಾಸಿಯ ಬಳಿಕ.

ವರ್ಷಕ್ಕೆ ಎಷ್ಟು ಹಿಡಿಯಬೇಕು?

ಇದು ನಿಮ್ಮ ಎರಡನೆಯ ಪ್ರಶ್ನೆ, ಮತ್ತು ಹೆಚ್ಚಿನ ಯೋಜನೆಗಳು ಮುಗ್ಗರಿಸುವ ಜಾಗ. ‘ಗರಿಷ್ಠ ಇಳುವರಿ 1,000 ಟನ್, ಆದ್ದರಿಂದ ಪ್ರತಿ ವರ್ಷ 1,000 ಟನ್ ಕೋಟಾ’ ಎಂದು ಬರೆದುಬಿಟ್ಟರೆ ಅಪಾಯ ಖಚಿತ. ಒಂದು ಕೆಟ್ಟ ವರ್ಷ ಬಂದು ದಾಸ್ತಾನು 4,000ಕ್ಕೆ ಇಳಿಯಿತು ಎನ್ನಿ. ಅಲ್ಲಿ ಬೆಳವಣಿಗೆ 960. ಕೊರತೆ ಬರೀ 40 ಟನ್, ಯಾರ ಕಣ್ಣಿಗೂ ಬೀಳುವುದಿಲ್ಲ. 3,000ಕ್ಕೆ ಬಂದಾಗ ಕೊರತೆ 160, 2,000ಕ್ಕೆ ಬಂದಾಗ 360. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ. ಸ್ಥಿರ ಟನ್ನಿನ ಕೋಟಾ ಏರಿಳಿತವನ್ನು ತಡೆದುಕೊಳ್ಳುವುದಿಲ್ಲ. ದಾಸ್ತಾನಿನ ಇಂತಿಷ್ಟು ಪಾಲು ಎಂಬ ಕೋಟಾ ತಡೆದುಕೊಳ್ಳುತ್ತದೆ, ಏಕೆಂದರೆ ಮೀನು ಇಳಿದರೆ ಕೋಟಾವೂ ತಾನೇ ಇಳಿಯುತ್ತದೆ.

ಎರಡನೆಯ ತೊಂದರೆ ಎಣಿಕೆಯದು. ನೀರೊಳಗಿನ ಮೀನನ್ನು ಯಾರೂ ಎಣಿಸಿ ನೋಡಿಲ್ಲ. ಅಂದಾಜು ಶೇ. 30 ಹೆಚ್ಚಾಗಿ ಬಂದುಬಿಡುವುದು ಅಪರೂಪವಲ್ಲ. ದಾಸ್ತಾನು 5,000 ಎಂದು ಅಂದಾಜಿಸಿ ಅದರ ಐದನೇ ಒಂದು ಪಾಲು, 1,000 ಟನ್, ಹಿಡಿದಿರಿ. ನಿಜವಾಗಿ ಇದ್ದದ್ದು 3,850ರಷ್ಟು, ಬೆಳವಣಿಗೆ 947. ದಾಸ್ತಾನು ಇಳಿಯಿತು. ಅದೇ 6,000ವನ್ನು ಗುರಿಯಾಗಿಟ್ಟು ಶೇ. 16ರಷ್ಟು, ಅಂದರೆ 960 ಟನ್ ಹಿಡಿದಿದ್ದರೆ? ಅಂದಾಜು ಅಷ್ಟೇ ತಪ್ಪಾಗಿ ನಿಜದ ದಾಸ್ತಾನು 4,615 ಇದ್ದರೂ ಬೆಳವಣಿಗೆ 994. ತಪ್ಪು ಎಣಿಕೆಯ ನಡುವೆಯೂ ಮೀನು ಹೆಚ್ಚಿತು. ಲಾಭದ ದೃಷ್ಟಿಯಿಂದ ಆರಿಸಿದ ಬಿಂದು ಸುರಕ್ಷತೆಯನ್ನೂ ಪುಕ್ಕಟೆಯಾಗಿ ಕೊಡುತ್ತದೆ. ಆಸ್ಟ್ರೇಲಿಯಾ ತನ್ನ ಒಕ್ಕೂಟ ಸರ್ಕಾರದ ಮೀನುಗಾರಿಕೆಗೆ 2007ರಲ್ಲಿ ತಂದ ನೀತಿ ಇದನ್ನೇ ಗುರಿಯಾಗಿಸಿತು. ನಿಖರ ಲೆಕ್ಕ ಸಿಗದ ಕಡೆ ಗರಿಷ್ಠ ಇಳುವರಿಯ ದಾಸ್ತಾನಿನ 1.2 ಪಟ್ಟು ಇಟ್ಟುಕೊಳ್ಳಿ ಎಂಬುದು ಅದರ ನಿಯಮ. 1995ರ ವಿಶ್ವಸಂಸ್ಥೆ ಮೀನು ದಾಸ್ತಾನು ಒಪ್ಪಂದ ಕೂಡ ಗರಿಷ್ಠ ಇಳುವರಿಗಾಗಿ ಹಿಡಿಯುವ ಮಟ್ಟವನ್ನು ಮುಟ್ಟಬೇಕಾದ ಗುರಿ ಎನ್ನದೆ ದಾಟಬಾರದ ಗೆರೆಯ ಕಡೆಗೆ ಸರಿಸಿತು.

ಕಾಗದದ ಮೇಲೆ ನಿಯಮ ಹೀಗಿರಲಿ. ದಾಸ್ತಾನು ತುಂಬು ಮಟ್ಟದ ಶೇ. 60 ಅಥವಾ ಹೆಚ್ಚಿದ್ದರೆ ಅದರ ಶೇ. 16 ಹಿಡಿಯಿರಿ. ಶೇ. 60ರಿಂದ 20ರ ನಡುವೆ ಈ ಪಾಲನ್ನು ನೇರ ಗೆರೆಯಲ್ಲಿ ಇಳಿಸಿ: ದಾಸ್ತಾನು ಶೇ. 40ರಲ್ಲಿದ್ದರೆ ಹಿಡಿಯುವ ಪಾಲು ಶೇ. 8, ಅಂದರೆ 320 ಟನ್. ಆ ವರ್ಷದ ಬೆಳವಣಿಗೆ 960 ಆದ್ದರಿಂದ 640 ಟನ್ ಚೇತರಿಕೆ. ಶೇ. 20ಕ್ಕಿಂತ ಕೆಳಗಿಳಿದರೆ ಬಲೆ ಹಾಕುವಂತಿಲ್ಲ. ಈ ನಿಯಮಕ್ಕೆ ಮೀನುಗಾರರೂ ಇಲಾಖೆಯೂ ಮೀನು ಚೆನ್ನಾಗಿರುವ ವರ್ಷದಲ್ಲೇ ಸಹಿ ಹಾಕಬೇಕು. ಕುಸಿತ ಶುರುವಾದ ಮೇಲೆ ಕೂತು ಚರ್ಚಿಸಿದರೆ ‘ಇನ್ನೊಂದು ವರ್ಷ ನೋಡೋಣ’ ಎಂಬ ಮಾತೇ ಗೆಲ್ಲುತ್ತದೆ. ನಿಧಾನವಾಗಿ ಬೆಳೆಯುವ ಜೀವಿಗೆ ಶೇ. 16 ವಿಪರೀತ ಹೆಚ್ಚು. ಬೆಳವಣಿಗೆಯ ವೇಗ ಶೇ. 5 ಇದ್ದರೆ ಇದೇ ಅನುಪಾತದಲ್ಲಿ ಶೇ. 2 ಮಾತ್ರ.

ಅಳತೆಗೆ ಯಾವುದನ್ನು ನಂಬಬಾರದು ಎಂಬುದನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಲಿಸಿದೆ. ಅಲ್ಲಿನ ಉತ್ತರ ಕಾಡ್ ಮೀನಿನ ಇಳುವರಿ 1968ರಲ್ಲಿ ಸುಮಾರು 8,10,000 ಟನ್ ಮುಟ್ಟಿತ್ತು. 1980ರ ದಶಕದಲ್ಲಿ ಟ್ರಾಲರುಗಳಿಗೆ ಗಂಟೆಗೆ ಸಿಗುತ್ತಿದ್ದ ಮೀನಿನ ಪ್ರಮಾಣ ಚೆನ್ನಾಗಿಯೇ ಇದ್ದುದರಿಂದ ದಾಸ್ತಾನೂ ಚೆನ್ನಾಗಿದೆ ಎಂದು ತಿಳಿಯಲಾಯಿತು. ದಡದ ಸಣ್ಣ ಮೀನುಗಾರರು ಮಾತ್ರ ಮೀನು ಸಣ್ಣದಾಗುತ್ತಿದೆ, ಕಡಿಮೆಯಾಗುತ್ತಿದೆ ಎನ್ನುತ್ತಲೇ ಇದ್ದರು. ಕಾಡ್ ಗುಂಪುಗೂಡುವ ಮೀನು. ಒಟ್ಟು ಸಂಖ್ಯೆ ಕುಸಿದರೂ ಉಳಿದವು ಒತ್ತಾಗಿ ಸೇರುತ್ತವೆ, ಆ ಗುಂಪನ್ನೇ ಹುಡುಕಿ ಹೋಗುವ ಹಡಗಿಗೆ ಬರ ತಟ್ಟುವುದೇ ಇಲ್ಲ. 1992ರ ಜುಲೈನಲ್ಲಿ ಮೀನುಗಾರಿಕೆ ನಿಂತಿತು, ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ ಅಧಿಕೃತವಾಗಿ ತೆರವಾದದ್ದು 2024ರಲ್ಲಿ. ಆದ್ದರಿಂದ ವ್ಯಾಪಾರಿ ದೋಣಿಗಳ ಇಳುವರಿಯ ಜೊತೆಗೆ, ಮೀನು ಇದೆಯೋ ಇಲ್ಲವೋ ಎಂದು ನೋಡದೆ ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ ಪ್ರತಿ ವರ್ಷ ಒಂದೇ ಬಗೆಯ ಬಲೆ ಎಳೆಯುವ ಸಮೀಕ್ಷೆ ಬೇಕೇ ಬೇಕು. ಸಿಕ್ಕ ಮೀನಿನ ಸರಾಸರಿ ಉದ್ದ ಇಳಿಯುತ್ತಿದೆಯೇ ಎಂದು ನೋಡುವುದು ಅತಿ ಅಗ್ಗದ ಎಚ್ಚರಿಕೆಯ ಗಂಟೆ.

ಅಂಕಿಗಳೊಳಗೆ ಅಡಗಿದ ನೀತಿ

ಈಗ ದೋಣಿಯ ‘200 ನಾಣ್ಯ ಖರ್ಚು’ ಎಂಬುದನ್ನು ಮತ್ತೆ ನೋಡಿ. ಕೊಲ್ಲಿ 2,000 ಟನ್ನಿನಲ್ಲಿದೆ, 6,000ಕ್ಕೆ ತರಬೇಕು. ಪೂರ್ತಿ ಮುಚ್ಚಿದರೆ ಸುಮಾರು ನಾಲ್ಕೂವರೆ ವರ್ಷ ಸಾಕು. ಆ ಅವಧಿಯ ನಷ್ಟ ಎಷ್ಟು? ಪುಸ್ತಕದ ಉತ್ತರ: ಸೊನ್ನೆ. ಹೇಗೂ ಮಿಗತೆ ಸೊನ್ನೆಯೇ ಆಗಿತ್ತಲ್ಲ! ಈ ಉತ್ತರದ ಹಿಂದೆ ಒಂದು ಊಹೆ ಇದೆ. ದೋಣಿ ನಿಂತ ಮರುದಿನವೇ ಆ ಕೂಲಿಯವನಿಗೆ ಬೇರೆಡೆ ಅಷ್ಟೇ ಕೂಲಿ ಸಿಗುತ್ತದೆ ಎಂಬುದೇ ಆ ಊಹೆ. ಬೇರೆ ಕಸುಬೇ ಇಲ್ಲದ ದಡದಲ್ಲಿ ಅದು ಸುಳ್ಳು. ಕೂಲಿಯವನ ನಾಲ್ಕೂವರೆ ವರ್ಷದ ಬದುಕಿಗೆ ಲೆಕ್ಕ ಬೆಲೆಯೇ ಕಟ್ಟಿಲ್ಲ.

ಇದನ್ನು ಸರಿಪಡಿಸಲು ಬೇಕಾದ ಹಣ ಲೆಕ್ಕದಲ್ಲೇ ಇದೆ. ಮುಚ್ಚಿದ ಅವಧಿಗೆ 320 ದೋಣಿಗಳ ಪೂರ್ತಿ ಖರ್ಚನ್ನೇ ಕೊಟ್ಟರೂ 2,88,000 ನಾಣ್ಯ, ಅಂದರೆ ಮುಂದೆ ಬರುವ 64,000ದ ಮಿಗತೆಯ ನಾಲ್ಕೂವರೆ ವರ್ಷದ ಮೊತ್ತ, ಬಡ್ಡಿ ಬೇರೆ. ಇಂಧನಕ್ಕೆ ಕೊಡಬೇಕಿಲ್ಲವಾದ್ದರಿಂದ ನಿಜವಾಗಿ ಇನ್ನೂ ಕಡಿಮೆ. ಶಾಶ್ವತವಾಗಿ ಹೊರಹೋಗುವ 160 ದೋಣಿಗಳಿಗೆ ವರ್ಷಕ್ಕೆ 32,000 ಕೊಡುತ್ತಾ ಹೋದರೂ ಮಿಗತೆಯ ಅರ್ಧ ಉಳಿಯುತ್ತದೆ. ‘ಗೆದ್ದವರು ಸೋತವರಿಗೆ ಪರಿಹಾರ ಕೊಡಲು ಶಕ್ತರಾಗಿದ್ದರೆ ಯೋಜನೆ ಒಳ್ಳೆಯದು’ ಎಂಬುದು ಲಾಭ-ವೆಚ್ಚ ವಿಶ್ಲೇಷಣೆಯ ಅಡಿಪಾಯ. ಕೊಡಲೇಬೇಕು ಎಂದು ಅದು ಹೇಳುವುದಿಲ್ಲ. ಕೊಡುವುದನ್ನು ಆದೇಶದಲ್ಲೇ ಬರೆಯದ ಯೋಜನೆಯನ್ನು ನಾನು ಅಪೂರ್ಣ ಎಂದೇ ಪರಿಗಣಿಸುತ್ತೇನೆ. ಅಂಥ ಯೋಜನೆಗಳು ಕಳ್ಳ ಮೀನುಗಾರಿಕೆಯಲ್ಲಿ ಕೊನೆಯಾಗುವುದಕ್ಕೂ ಇದೇ ಕಾರಣ.

ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬುದು ಇನ್ನೂ ಕಠಿಣ. ನ್ಯೂಜಿಲೆಂಡ್ 1986ರಲ್ಲಿ, ಐಸ್‌ಲ್ಯಾಂಡ್ 1990ರ ಕಾನೂನಿನಿಂದ, ಒಟ್ಟು ಕೋಟಾವನ್ನು ಮಾರಬಹುದಾದ ಪಾಲುಗಳಾಗಿ ಹಂಚಿದವು. ಇತರರಿಗಿಂತ ಮೊದಲು ಹಿಡಿಯುವ ಓಟದ ಹುಚ್ಚು ಇದರಿಂದ ನಿಲ್ಲುತ್ತದೆ. ಅಲಾಸ್ಕಾದ ಹಾಲಿಬಟ್ ಮೀನುಗಾರಿಕೆ 1995ಕ್ಕೆ ಮೊದಲು ವರ್ಷಕ್ಕೆ ಕೆಲವೇ ದಿನಗಳಿಗೆ ಕುಗ್ಗಿ, ಬಿರುಗಾಳಿಯಲ್ಲೂ ಸಮುದ್ರಕ್ಕೆ ಇಳಿಯುವಂತಾಗಿತ್ತು. ಪಾಲು ಹಂಚಿದ ಮೇಲೆ ಋತು ಸುಮಾರು ಎಂಟು ತಿಂಗಳಿಗೆ ಹಿಗ್ಗಿತು. ಆದರೆ ಪಾಲನ್ನು ಹಿಂದಿನ ವರ್ಷಗಳ ಇಳುವರಿ ನೋಡಿ ಪುಕ್ಕಟೆ ಹಂಚಿದರೆ ಹೆಚ್ಚು ಬಳಿದವರಿಗೇ ಹೆಚ್ಚು ಬಹುಮಾನ. ಮುಂದಿನ ತಲೆಮಾರು ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಐಸ್‌ಲ್ಯಾಂಡಿನ ಹಂಚಿಕೆ ನ್ಯಾಯಯುತವಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2007ರಲ್ಲಿ ಅಭಿಪ್ರಾಯಪಟ್ಟಿತು. ನ್ಯೂಜಿಲೆಂಡಿನಲ್ಲಿ ಮಾವೋರಿ ಜನ ತಮ್ಮ ಹಕ್ಕನ್ನು ಎತ್ತಿಹಿಡಿದು 1992ರ ಇತ್ಯರ್ಥದಲ್ಲಿ, ಮುಂದೆ ಕೋಟಾ ವ್ಯವಸ್ಥೆಗೆ ಸೇರುವ ಜಾತಿಗಳ ಶೇ. 20 ಪಾಲು ಪಡೆದರು. ಹೊಸದಾಗಿ ಹಂಚುವವರು ಪಾಲನ್ನು 10–15 ವರ್ಷದ ಗುತ್ತಿಗೆಯಾಗಿ ಕೊಡಲಿ, ಒಬ್ಬರ ಕೈಯಲ್ಲಿ ಸೇರಬಹುದಾದ ಪಾಲಿಗೆ ಮಿತಿ ಹಾಕಲಿ, ಮಿಗತೆಯ ಒಂದು ಭಾಗವನ್ನು ಶುಲ್ಕವಾಗಿ ಪಡೆಯಲಿ. ತೂಕದ ಕೋಟಾ ಇದ್ದಲ್ಲಿ ಸಣ್ಣ ಮೀನನ್ನು ಸತ್ತ ಮೇಲೆ ಸಮುದ್ರಕ್ಕೆ ಎಸೆದು ದೊಡ್ಡದನ್ನು ಮಾತ್ರ ತರುವ ಚಾಳಿ ಬರುತ್ತದೆ. ಎಸೆದದ್ದೂ ಕೋಟಾದಲ್ಲೇ ಕಳೆಯುವ ನಿಯಮ, ಹಡಗಿನ ಮೇಲೆ ಕ್ಯಾಮೆರಾ ಇಲ್ಲದೆ ಇದು ನಿಲ್ಲದು.

ಮಾರುಕಟ್ಟೆಯೂ ಬೇಡ, ಸರ್ಕಾರವೂ ಬೇಡ ಎಂಬ ಮೂರನೆಯ ದಾರಿಯೂ ಇದೆ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯ 1517ರ ಕಟ್ಟಳೆ: ಚಳಿಗಾಲದಲ್ಲಿ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಕಟ್ಟಳೆಯ ಜಾಣತನ ಅದನ್ನು ಪರಿಶೀಲಿಸುವ ಸುಲಭದಲ್ಲಿದೆ. ಯಾರ ಕೊಟ್ಟಿಗೆಯಲ್ಲಿ ಎಷ್ಟು ಹಸು, ಎಷ್ಟು ಹುಲ್ಲು ಎಂಬುದು ಊರಿಗೆಲ್ಲ ಕಾಣುತ್ತದೆ. ಹುಲ್ಲುಗಾವಲಿನ ಸಾಮರ್ಥ್ಯ ಅಳೆಯುವ ತಜ್ಞ ಬೇಕಿಲ್ಲ. ರಾಜಕೀಯ ವಿಜ್ಞಾನಿ ಎಲಿನೋರ್ ಆಸ್ಟ್ರಮ್ ಇಂಥ ಹತ್ತಾರು ವ್ಯವಸ್ಥೆಗಳನ್ನು ಹೋಲಿಸಿ 2009ರಲ್ಲಿ ನೊಬೆಲ್ ಪಡೆದರು. ನಿಮ್ಮ ನಿಯಮವನ್ನು ನೆರೆಯವನು ದುಡ್ಡು ಖರ್ಚಿಲ್ಲದೆ ಪರೀಕ್ಷಿಸಬಲ್ಲನೇ ಎಂದು ಮೊದಲು ಕೇಳಿಕೊಳ್ಳಿ. ‘ವರ್ಷಕ್ಕೆ ಇಂತಿಷ್ಟು ಕಿಲೋ’ ಎಂಬುದಕ್ಕಿಂತ ‘ಈ ತಿಂಗಳು ಯಾರೂ ಇಳಿಯುವಂತಿಲ್ಲ’, ‘ಬಲೆಯ ಕಣ್ಣು ಇಷ್ಟು ಅಗಲ’ ಎಂಬುದು ಹಲವು ಕಡೆ ಹೆಚ್ಚು ಬಾಳುತ್ತದೆ.

ಇನ್ನು ಶೇ. 7. ಅದು ಇಂದಿನ ಉಳಿತಾಯಗಾರರ ಅವಸರದ ಬೆಲೆ. ನೂರು ವರ್ಷದ ನಂತರದವರ ಮತ ಅದರಲ್ಲಿಲ್ಲ. ಬ್ರಿಟಿಷ್ ಗಣಿತಜ್ಞ ಫ್ರ್ಯಾಂಕ್ ರಾಮ್ಸೆ 1928ರಲ್ಲೇ ಬೇರ್ಪಡಿಸಿದಂತೆ ಈ ದರದಲ್ಲಿ ಎರಡು ತುಂಡುಗಳಿವೆ. ಒಂದು, ಬರೀ ನಾಳೆಯದು ಎಂಬ ಕಾರಣಕ್ಕೆ ನಾಳೆಯ ಸುಖಕ್ಕೆ ಕಡಿಮೆ ತೂಕ ಕೊಡುವುದು. ಇದನ್ನು ಅವರು ನೈತಿಕವಾಗಿ ಒಪ್ಪಲಿಲ್ಲ. ಇನ್ನೊಂದು, ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ ಎಂಬ ಕಾರಣಕ್ಕೆ ಅವರ ಒಂದು ನಾಣ್ಯಕ್ಕೆ ಕಡಿಮೆ ತೂಕ. ಇದು ಸಮಂಜಸ, ಆದರೆ ನಾವು ಅವರ ಸಂಪತ್ತಿನ ಮೂಲವನ್ನೇ ಬರಿದುಮಾಡುತ್ತಿದ್ದರೆ ಅಲ್ಲ. ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಅವರ 2006ರ ಹವಾಮಾನ ವರದಿ ಸುಮಾರು ಶೇ. 1.4ರ ದರ ಹಿಡಿಯಿತು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಆ ಹೊತ್ತಿಗೆ ಹಿಡಿದದ್ದು ಶೇ. 5.5ರ ಆಸುಪಾಸು. ನೂರು ವರ್ಷದ ನಂತರದ 1,00,000 ನಾಣ್ಯದ ಹಾನಿಯನ್ನು ಇಂದಿಗೆ ಇಳಿಸಿದರೆ ಮೊದಲನೆಯದರಲ್ಲಿ ಸುಮಾರು 24,900, ಎರಡನೆಯದರಲ್ಲಿ 473. ವಿಜ್ಞಾನ ಒಂದೇ, ಹಾನಿಯೂ ಒಂದೇ, ಬೆಲೆಯಲ್ಲಿ ಐವತ್ತು ಪಟ್ಟು ಅಂತರ. ಬ್ರಿಟನ್ನಿನ ಖಜಾನೆ ಇಲಾಖೆ ಮಧ್ಯದ ದಾರಿ ಹಿಡಿದಿದೆ: ಮೊದಲ 30 ವರ್ಷಕ್ಕೆ ಶೇ. 3.5, ನಂತರ ಹಂತಹಂತವಾಗಿ ಇಳಿದು 300 ವರ್ಷ ದಾಟಿದರೆ ಶೇ. 1. ನಿಮ್ಮ ವರದಿಯಲ್ಲಿ ಒಂದೇ ದರ ಬರೆದು ಉತ್ತರ ಕೊಡಬೇಡಿ. ಶೇ. 1.5, 3.5, 7 ಮೂರರಲ್ಲೂ ಲೆಕ್ಕ ಹಾಕಿ ತೋರಿಸಿ. ಮೂರರಲ್ಲೂ ತೀರ್ಮಾನ ಒಂದೇ ಆದರೆ ಜಗಳವೇ ಇಲ್ಲ. ಬೇರೆಯಾದರೆ, ಆ ಆಯ್ಕೆ ತಜ್ಞರಿಗಲ್ಲ, ಸಭೆಗೆ ಸೇರಿದ್ದು.

ಗಣಿಯ ಲೆಕ್ಕ

ಅದಿರು ಬೆಳೆಯುವುದಿಲ್ಲ, ಆದ್ದರಿಂದ ಇಲ್ಲಿ ‘ಎಷ್ಟು ತೆಗೆದರೆ ಉಳಿಯುತ್ತದೆ’ ಎಂಬ ಪ್ರಶ್ನೆ ಇಲ್ಲ. ಬಂದ ಹಣದಲ್ಲಿ ಎಷ್ಟನ್ನು ಆದಾಯ ಎನ್ನಬಹುದು ಎಂಬುದೇ ಪ್ರಶ್ನೆ. ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಕೊಟ್ಟ ನಿಯಮ: ಗಣಿಯ ಮಿಗತೆಯನ್ನೆಲ್ಲ ಬೇರೆ ಬಂಡವಾಳವಾಗಿ ಮಾರ್ಪಡಿಸುತ್ತಾ ಹೋದರೆ ಮುಂದಿನವರ ಬಳಕೆ ಕುಗ್ಗದು. ವಿಶ್ವ ಬ್ಯಾಂಕಿನಲ್ಲಿದ್ದ ಸಾಲಾಹ್ ಎಲ್ ಸೆರಾಫಿ ಇದಕ್ಕಿಂತ ಸಡಿಲವಾದ, ಲೆಕ್ಕಿಗರಿಗೆ ಒಗ್ಗುವ ಸೂತ್ರ ಕೊಟ್ಟರು. ಗಣಿ ಇನ್ನು 10 ವರ್ಷ ಬಾಳುತ್ತದೆ, ಹೂಡಿಕೆಗೆ ಶೇ. 5 ಸಿಗುತ್ತದೆ ಎನ್ನಿ. 1.05ರ ಘಾತ 11 (ವರ್ಷಗಳ ಸಂಖ್ಯೆಗೆ ಒಂದು ಸೇರಿಸಿ) 1.71 ಆಗುತ್ತದೆ. 1ನ್ನು ಅದರಿಂದ ಭಾಗಿಸಿದರೆ 0.585. ನಿವ್ವಳ ಮಿಗತೆಯ ಶೇ. 58.5 ಹೂಡಬೇಕು, 41.5 ಖರ್ಚು ಮಾಡಬಹುದು. ಆಗ ಗಣಿ ಮುಚ್ಚಿದ ಮೇಲೂ ಅಷ್ಟೇ ಆದಾಯ ಬಡ್ಡಿಯಿಂದ ಬರುತ್ತಿರುತ್ತದೆ. 30 ವರ್ಷ ಬಾಳುವ ಗಣಿಗೆ ಹೂಡಬೇಕಾದದ್ದು ಶೇ. 22, 5 ವರ್ಷದ್ದಕ್ಕೆ ಶೇ. 75. ಬಡ್ಡಿ ಶೇ. 2 ಮಾತ್ರ ಸಿಗುವಂತಿದ್ದರೆ 10 ವರ್ಷದ ಗಣಿಗೂ ಶೇ. 80 ತೆಗೆದಿಡಬೇಕು. ಬಡ್ಡಿಯ ಊಹೆಯನ್ನು ಉಬ್ಬಿಸಿ ಬರೆದವರು ಮೂಲಧನವನ್ನೇ ಆದಾಯವೆಂದು ತಿಂದುಬಿಡುತ್ತಾರೆ, ಅದು ಲೆಕ್ಕಪತ್ರದಲ್ಲಿ ಗೊತ್ತಾಗುವುದೂ ಇಲ್ಲ.

ನಾರ್ವೆ ತೈಲದ ನಿಧಿಗೆ 1990ರಲ್ಲಿ ಕಾನೂನು ಮಾಡಿ, 1996ರಲ್ಲಿ ಮೊದಲ ಹಣ ಹಾಕಿತು. ವರ್ಷಕ್ಕೆ ನಿಧಿಯ ಶೇ. 4ರಷ್ಟು ಮಾತ್ರ ಖರ್ಚು ಎಂಬ 2001ರ ನಿಯಮವನ್ನು, ಗಳಿಕೆಯ ನಿರೀಕ್ಷೆ ತಗ್ಗಿದ್ದರಿಂದ, 2017ರಲ್ಲಿ ಶೇ. 3ಕ್ಕೆ ಇಳಿಸಿಕೊಂಡಿತು. ಪೆಸಿಫಿಕ್‌ನ ನೌರು ದ್ವೀಪಕ್ಕೂ ಫಾಸ್ಫೇಟ್ ಹಣದ ನಿಧಿ ಇತ್ತು. ಕೆಟ್ಟ ಹೂಡಿಕೆಗಳಲ್ಲಿ ಅದು ಕರಗಿತು, ಮತ್ತು ಸುಮಾರು 21 ಚದರ ಕಿಲೋಮೀಟರಿನ ದ್ವೀಪದ ನಡುಭಾಗದ ಬಹುಪಾಲು ಬೇಸಾಯಕ್ಕೂ ಮನೆಗೂ ಬಾರದ ಸುಣ್ಣಕಲ್ಲಿನ ಕೊರಕಲಾಯಿತು. ನಿಧಿ ಉಳಿದಿದ್ದರೂ ಈ ಎರಡನೆಯ ನಷ್ಟ ತುಂಬುತ್ತಿರಲಿಲ್ಲ. ಹಾರ್ಟ್‌ವಿಕ್ ನಿಯಮದ ಮಿತಿ ಇದೇ: ಹಣ ಯಂತ್ರದ ಜಾಗ ತುಂಬುತ್ತದೆ, ಮಣ್ಣು, ಕುಡಿಯುವ ನೀರು, ಅಳಿದ ಜಾತಿಯ ಜಾಗ ತುಂಬುವುದಿಲ್ಲ. ಇಂಥವನ್ನು ಸೂತ್ರದೊಳಗೆ ತಂದು ಬೆಲೆ ಕಟ್ಟುವ ಬದಲು, ಸೂತ್ರ ಹಚ್ಚುವ ಮೊದಲೇ ‘ಮುಟ್ಟಬಾರದ’ ಪಟ್ಟಿಗೆ ಸೇರಿಸಿ.

ಉಳಿದದ್ದರ ಪುನಶ್ಚೇತನದ ಖರ್ಚನ್ನು ಮಿಗತೆ ಲೆಕ್ಕ ಹಾಕುವ ಮುಂಚೆಯೇ ಕಳೆಯಿರಿ, ಮತ್ತು ಆ ಹಣವನ್ನು ಮೊದಲ ಗುದ್ದಲಿ ಬೀಳುವ ಮೊದಲು ಠೇವಣಿಯಾಗಿ ಪಡೆಯಿರಿ. ಗಣಿಗಾರ ತನ್ನ ಯಂತ್ರಗಳಿಂದ ಮಾಡಿದರೆ ಆಗುವ ಖರ್ಚಲ್ಲ, ಅವನು ದಿವಾಳಿಯಾಗಿ ಹೊರಗಿನ ಗುತ್ತಿಗೆದಾರನಿಂದ ಮಾಡಿಸಬೇಕಾದರೆ ಆಗುವ ಖರ್ಚನ್ನು ಹಿಡಿಯಬೇಕು. ಗಣಿ ಹಿಗ್ಗಿದಂತೆ ಕೆಲವು ವರ್ಷಕ್ಕೊಮ್ಮೆ ಮೊತ್ತವನ್ನು ಪರಿಷ್ಕರಿಸಬೇಕು. ಕಂಪನಿಯ ಸ್ವಂತ ಭರವಸೆ ಪತ್ರ ಸಾಲದು, ಬ್ಯಾಂಕ್ ಗ್ಯಾರಂಟಿ ಅಥವಾ ನಗದು ಇರಲಿ. ಇಳಿಜಾರು ಸರಿಪಡಿಸಿದಾಗ ಒಂದು ಕಂತು, ಮೇಲ್ಮಣ್ಣು ಹರಡಿ ಗಿಡ ಹಿಡಿದಾಗ ಇನ್ನೊಂದು ಕಂತು ಬಿಡಬಹುದು. ಕೊನೆಯ ಕಂತನ್ನು ಕೆಳಗಿನ ಬಾವಿಗಳ ನೀರು ಹಲವು ಮಳೆಗಾಲಗಳ ಪರೀಕ್ಷೆಯಲ್ಲಿ ಆಮ್ಲ ಮತ್ತು ಲೋಹದ ಮಿತಿಯೊಳಗೆ ಬಂದ ಮೇಲಷ್ಟೇ ಬಿಡಬೇಕು, ಏಕೆಂದರೆ ಸಲ್ಫೈಡ್ ಅದಿರಿನ ರಾಶಿಗಳಿಂದ ಆಮ್ಲ ಒಸರುವುದು ಗಣಿ ಮುಚ್ಚಿ ವರ್ಷಗಳಾದ ಮೇಲೂ ಶುರುವಾಗಬಹುದು.